ಒಂದು ಸಲ ಒತ್ತಿದರೆ

ರಸ್ತೆಯ ನಟ್ಟನಡುವೆ ಅವಳು ಗಕ್ಕನೆ ನಿಂತುಬಿಟ್ಟಳು. ಹಿಂದೆ ಬರುತ್ತಿದ್ದ ಸೈಕಲ್ಲಿನವನು ಬ್ರೇಕು ಹಿಡಿದು, ವಾಲಿ, ಒಂದು ಕಾಲು ನೆಲಕ್ಕೆ ಕೊಟ್ಟು, "ಏನಮ್ಮಾ, ಮನೇಲಿ ಹೇಳಿ ಬಂದಿದೀರಾ?" ಎಂದು ಬೈದು ಹೋದ. ಹೇಳಿ ಬರುವುದಕ್ಕೆ ಮನೆಯಲ್ಲಿ ಈಗ ಯಾರೂ ಇರಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿದ್ದ ನಾದಿನಿ ಓಡಿಬಂದು ಅವಳ ರಟ್ಟೆ ಹಿಡಿದು ಪಕ್ಕಕ್ಕೆಳೆದಳು.

"ಇದು ಮೂರನೇ ಸಲ, ಅತ್ತಿಗೆ. ಇವತ್ತು ಡಾಕ್ಟರ ಹತ್ತಿರ ಹೋಗಲೇಬೇಕು."

"ಹೆಗಲು ಅದುರಿತು ಕಣೇ. ಅದಕ್ಕೆ ನಿಂತೆ."

"ಹೆಗಲು ಅದುರಿದ್ರೆ ಕಾಲು ಯಾಕೆ ನಿಲ್ಲಬೇಕು?"

ಅವಳು ನಾದಿನಿಯ ಹಿಂದೆ ಹೆಜ್ಜೆ ಹಾಕಿದಳು.

ಡಾಕ್ಟರು ಚಿಕ್ಕ ವಯಸ್ಸಿನವನು, ತಾಳ್ಮೆಯವನು. ಅವನು ನೋಡುತ್ತಿದ್ದಂತೆಯೇ ಬಟ್ಟೆಯಡಿ ಬಲಹೆಗಲಿನ ಮಾಂಸ ಒಂದು ಸಲ ಮಿಡಿದು ಸುಮ್ಮನಾಯಿತು. ಕೈ ಎತ್ತಿಸಿದ, ಮುಷ್ಟಿ ಹಿಡಿಸಿದ, ತನ್ನ ಬೆರಳುಗಳನ್ನು ಹಿಂಡಲು ಹೇಳಿದ. ಅವಳು ಹಿಂಡಿದ ರಭಸಕ್ಕೆ ಅವನೇ ಕೈ ಕೊಡವಿಕೊಂಡ.

"ಬಲಕ್ಕೇನೂ ಕಮ್ಮಿಯಿಲ್ಲ. ದಿನಕ್ಕೆ ಎಷ್ಟು ಲೋಟ ಟೀ ಕುಡೀತೀರಿ?"

"ಆರೋ ಏಳೋ."

"ನಿದ್ದೆ?"

"ಬಂದ್ರೆ ಬಂತು, ಇಲ್ದಿದ್ರೆ ಇಲ್ಲ."

ಇವಳನ್ನು ಮಾತಾಡಲು ಬಿಟ್ಟರೆ ಕೆಲಸ ಕೆಟ್ಟಿತೆಂದು ನಾದಿನಿ ನಡುವೆ ಬಾಯಿ ಹಾಕಿದಳು. "ಕುರ್ಚಿಗೆ ಬೆತ್ತ ಹೆಣೀತಾರೆ ಡಾಕ್ಟ್ರೇ. ಅದು ನಮ್ಮಣ್ಣನ ಕೆಲಸ. ಅವನು ಹೋಗಿ ನಾಲ್ಕು ತಿಂಗಳಾಯ್ತು. ಅರ್ಧಕ್ಕೆ ಬಿಟ್ಟ ಹನ್ನೊಂದು ಕುರ್ಚಿ ಇದ್ವು. ಇವರು ಪಟ್ಟು ಹಿಡಿದು ಕೂತು ಮುಗಿಸ್ತಿದಾರೆ, ಊಟಕ್ಕೂ ಏಳಲ್ಲ."

"ಮತ್ತಿನ್ನೇನು? ಟೀ ಜಾಸ್ತಿಯಾದ್ರೂ ಹೀಗೆ ಅದುರುತ್ತೆ, ನಿದ್ದೆಗೆಟ್ರೂ ಅದುರುತ್ತೆ, ಬೆತ್ತ ಜಗ್ಗಿ ಜಗ್ಗಿ ದಣಿದ್ರೂ ಅದುರುತ್ತೆ, ಮನಸ್ಸಿಗೆ ನೋವಾದ್ರೂ ಅದುರುತ್ತೆ. ಒಂದಿದ್ರೇ ಸಾಕು, ನೀವು ಎಲ್ಲಾನೂ ಗುಡ್ಡೆ ಹಾಕ್ಕೊಂಡಿದೀರಿ. ಹೆದರೋ ಅಂಥದ್ದೇನಿಲ್ಲ." ಅವನು ಬರೆಯುತ್ತಾ ಕೇಳಿದ, "ಈ ಹೆಗಲ ಮೇಲೆ ಭಾರ ಏನಾದ್ರೂ ಹೊರ್ತೀರಾ?"

"ಹೊರ್ತಿದ್ದೆ. ಈಗಿಲ್ಲ."

"ಎಷ್ಟು ಭಾರ?"

"ಒಂದು ಕೈಯಷ್ಟು."

ಡಾಕ್ಟರ ಪೆನ್ನು ನಿಂತಿತು. ನಾದಿನಿ ಗೋಡೆಯ ಮೇಲಿದ್ದ ಎಲುಬುಗಳ ಚಿತ್ರದ ಕಡೆ ಮುಖ ತಿರುಗಿಸಿದಳು.

"ಅವರಿಗೆ ಕಣ್ಣು ಕಾಣ್ತಿರಲಿಲ್ಲ. ಮೂವತ್ತೊಂದು ವರ್ಷ ಇಲ್ಲಿ ಕೈಯಿಟ್ಟುಕೊಂಡು ನನ್ನ ಹಿಂದೆ ನಡೆದ್ರು. ನಾನೋ, ಮಾತಿಗೆ ಬಿದ್ರೆ ಎದುರಿಗೆ ಲಾರಿ ಬಂದ್ರೂ ನೋಡೋಳಲ್ಲ. ಅದಕ್ಕೆ ರಸ್ತೆ ಬಂದ್ರೆ ಅವರೇ ಕಿವಿಗೊಟ್ಟು ಹೇಳೋರು. ಒಂದು ಸಲ ಒತ್ತಿದ್ರೆ ನಿಲ್ಲು. ಎರಡು ಸಲ ಒತ್ತಿದ್ರೆ ನಡಿ. ಈಗ ಇದು ಒಂದು ಸಲ ಒತ್ತುತ್ತೆ. ನಿಲ್ತೀನಿ."

ಕುರುಡನನ್ನು ನಡೆಸಿಕೊಂಡು ಹೋಗುವ ಪುಣ್ಯಾತ್ಗಿತ್ತಿ ಎಂದು ಬೀದಿಯವರೆಲ್ಲ ಅವಳನ್ನು ಹೊಗಳುತ್ತಿದ್ದರು. ಗಂಡ ಹೆಂಡತಿ ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಆ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದರು.

"ಹತ್ತು ದಿನ ಬೆತ್ತ ಮುಟ್ಟಬೇಡಿ. ಟೀ ಎರಡೇ ಲೋಟ. ಹೊತ್ತಿಗೆ ಸರಿಯಾಗಿ ಮಲಗಿ," ಡಾಕ್ಟರು ಈಗ ಮೆತ್ತಗೆ ಹೇಳಿದ. "ನಿಂತುಹೋಗುತ್ತೆ."

"ಪೂರ್ತಿ ನಿಂತುಹೋಗುತ್ತಾ?"

"ಪೂರ್ತಿ," ಎಂದ ಅವನು, ಒಳ್ಳೆಯ ಸುದ್ದಿ ಹೇಳುವವನಂತೆ.

ನಾದಿನಿ ಅವಳ ಮನೆಯಲ್ಲೇ ಬಿಡಾರ ಹೂಡಿದಳು. ಬೆತ್ತದ ಕಟ್ಟುಗಳನ್ನು ಅಟ್ಟಕ್ಕೆ ಹಾಕಿದಳು, ಟೀ ಪುಡಿಯ ಡಬ್ಬಿಯನ್ನು ತನ್ನ ಸುಪರ್ದಿಗೆ ತೆಗೆದುಕೊಂಡಳು. ಒಂಬತ್ತನೆಯ ದಿನ ಬೆಳಿಗ್ಗೆ ಅತ್ತಿಗೆ ಗಾಢ ನಿದ್ದೆಯಿಂದ ಎದ್ದಾಗ ಏನೋ ಕಳೆದುಹೋದಂತಿತ್ತು. ಅಲುಗಾಡದೆ ಮಲಗಿ ಕಾದಳು. ತಿಂಡಿ ತಿನ್ನುತ್ತಾ ಕಾದಳು. ಹೆಗಲು ತೆಪ್ಪಗಿತ್ತು. ಅವರು ಎರಡನೆಯ ಸಲ ಹೋದಂತಾಯಿತು.

ನಾದಿನಿ ಕೆಲಸಕ್ಕೆ ಹೊರಟದ್ದೇ ತಡ, ಡಬ್ಬಿ ಹುಡುಕಿ ತೆಗೆದು ಕಡಕ್ಕಾಗಿ ಟೀ ಕಾಸಿದಳು. ನಿಂತಲ್ಲೇ ಮೂರು ಲೋಟ ಕುಡಿದಳು. ಸ್ಟೂಲು ಹತ್ತಿ ಅಟ್ಟದಿಂದ ಬೆತ್ತ ಇಳಿಸಿ, ತೋಳು ಸೋಲುವವರೆಗೆ ಜಗ್ಗಿದಳು. ಹೆಗಲು ಕಮಕ್ ಕಿಮಕ್ ಎನ್ನಲಿಲ್ಲ. ರಸ್ತೆಗೆ ಹೋದರಾದರೂ ಬಂದೀತು ಎಂದುಕೊಂಡು ಚಪ್ಪಲಿ ಮೆಟ್ಟಿ ಹೊರಟಳು.

ರಸ್ತೆಯಂಚಿಗೆ ಬಂದು, ಬಲಹೆಗಲನ್ನು ತುಸು ಹಿಂದಕ್ಕೆ ಕೊಟ್ಟು ನಿಂತಳು. ಬಸ್ಸೊಂದು ಹೋಯಿತು, ಎರಡು ಸ್ಕೂಟರು ಹೋದವು. ಆಮೇಲೆ ರಸ್ತೆ ಖಾಲಿಯಾಯಿತು. ಪಕ್ಕದಲ್ಲಿದ್ದವರೆಲ್ಲ ದಾಟಿದರು. ಅವಳು ಕಣ್ಣು ಮುಚ್ಚಿಕೊಂಡು, ಎರಡು ಸಲ ಒತ್ತಲಿ ಎಂದು ಕಾಯುತ್ತಲೇ ಇದ್ದಳು. ಮತ್ತೆ ವಾಹನಗಳು ಬಂದವು, ಮತ್ತೆ ಖಾಲಿಯಾಯಿತು.

ಆಚೆ ದಾಟಿದ್ದ ಹುಡುಗಿಯೊಬ್ಬಳು ತಿರುಗಿ ನೋಡಿ, ಅಯ್ಯೋ ಪಾಪ ಎನಿಸಿ ವಾಪಸ್ಸು ಬಂದಳು. "ಕಣ್ಣು ಕಾಣ್ಸಲ್ವಾ ಅಮ್ಮ?" ಎಂದಳು. "ನನ್ನ ಹೆಗಲ ಮೇಲೆ ಕೈಯಿಡಿ, ದಾಟಿಸ್ತೀನಿ."

ಅವಳು ಕಣ್ಣು ತೆರೆಯದೆಯೇ ಕೈಯಿಟ್ಟಳು. ಒಂದು ಗಳಿಗೆ ರಸ್ತೆಗೆ ಕಿವಿಗೊಟ್ಟಳು. ಆಮೇಲೆ ಎರಡು ಸಲ ಒತ್ತಿದಳು.