ಕ್ಯಾಮೆರಾದ ಮೇಲಿನ ಬೊಟ್ಟು

ರೀಫರ್ಬಿಶ್ಡ್ ಎಂದರೆ ರಿಪೇರಿ ಮಾಡಿ, ಒರೆಸಿ, ಹೊಸದರಂತೆ ಮಾಡಿದ್ದು ಎಂದುಕೊಂಡಿದ್ದೆ. ಅಂಗಡಿಯವನು ಲ್ಯಾಪ್‌ಟಾಪ್ ತೆರೆದಾಗ ಕ್ಯಾಮೆರಾದ ಮೇಲೆ ಮಾಸಿದ ಮೆರೂನ್ ಬೊಟ್ಟೊಂದು ಅಂಟಿಕೊಂಡಿತ್ತು, ಸುತ್ತಲೂ ಜಿಡ್ಡುಗಟ್ಟಿದ ಕೊಳೆ. ಮುಟ್ಟಲು ಹೋದ ಕೈಯನ್ನು ಹಿಂದಕ್ಕೆಳೆದುಕೊಂಡೆ.

“ಯಾರ ಹಣೆಯದ್ದೋ ಏನೋ. ಮೊದಲು ಕೀಳ್ರಿ ಅದನ್ನ,” ಎಂದರು ಅಪ್ಪ.

“ಇದೊಂದು ಉಳ್ಕೊಂಡಿದೆ ಸಾರ್. ಒಂದೇ ಕಂಪನಿಯಿಂದ ಇಪ್ಪತ್ತು ಪೀಸ್ ಬಂದಿದ್ವು, ಹೆಂಗಸರು ಬಳಸ್ತಿದ್ದ ಎಲ್ಲದರಲ್ಲೂ ಬೊಟ್ಟಿತ್ತು,” ಅಂಗಡಿಯವನು ಉಗುರಿನಿಂದ ಕೆರೆಯುತ್ತ ಹೇಳಿದ. “ಮನೆಯಿಂದ ಕೆಲಸ ಮಾಡೋವಾಗ ಅಲ್ಲಿನ ಮ್ಯಾನೇಜರ್ ಕದ್ದು ಇವರ ಕ್ಯಾಮೆರಾ ಆನ್ ಮಾಡಿ ನೋಡ್ತಿದ್ದ. ನನ್ನ ತಂಗೀನೂ ಅಲ್ಲೇ ಇದ್ಲು. ಅವನ ಮುಖ ನಾನು ನೋಡಿಲ್ಲ, ಹೆಸರು ಮಾತ್ರ ಮರೆತಿಲ್ಲ.”

“ಥೂ, ಹೊಲಸು ಮನುಷ್ಯ,” ಎಂದೆ.

ಅಪ್ಪ ಕರ್ಚೀಫಿನಿಂದ ಮುಖ ಒರೆಸಿಕೊಂಡರು. “ಇದೇ ಸಾಕು. ಬೇಗ ಪ್ಯಾಕ್ ಮಾಡಿ.”

ಬೊಟ್ಟನ್ನು ಕಸದ ಬುಟ್ಟಿಗೆ ಕೊಡವಿ ಅಂಗಡಿಯವನು ಬಿಲ್ ಪುಸ್ತಕ ತೆರೆದ. “ತಮ್ಮ ಹೆಸರು ಸಾರ್?”

ನಾನೆಂದೂ ಕೇಳಿರದ ಹೆಸರೊಂದನ್ನು ಅಪ್ಪ ಹೇಳಿದರು.