ಬಂಡೆ ತಟ್ಟುವವನು

ಮರ ದುಬಾರಿಯೆಂದು ತಾಮ್ರದ ಗಣಿಯವರು ಸುರಂಗದೊಳಗೆ ಆಸರೆಯ ಕಂಬ ನಿಲ್ಲಿಸುವುದನ್ನೇ ಬಿಟ್ಟಮೇಲೆ, ಎಲ್ಲರ ಜೀವ ಓಬಜ್ಜನ ಕಿವಿಯ ಮೇಲೆ ನಿಂತಿತ್ತು. ಅವನು ಹಾರೆಯಿಂದ ತಲೆಮೇಲಿನ ಬಂಡೆ ತಟ್ಟುತ್ತಿದ್ದ. ಗಟ್ಟಿ ಸದ್ದು ಬಂದರೆ ಕೆಲಸ, ಟೊಳ್ಳು ಸದ್ದು ಬಂದರೆ ಎಲ್ಲರೂ ಹೊರಗೆ. ಆದರೂ ಹೋದ ವಾರ ಬಂಡೆ ಕುಸಿದು ಪಾಲಯ್ಯನ ತಮ್ಮ ಸತ್ತಿದ್ದ.

"ಅವತ್ತು ಸದ್ದು ಹೆಂಗಿತ್ತಜ್ಜಾ?" ಪಾಲಯ್ಯ ಎದುರು ನಿಂತು ಕೇಳಿದ.

ಅಜ್ಜ ಅವನ ತುಟಿಯನ್ನೇ ನೋಡಿದ. "ಗಟ್ಟಿ ಇತ್ತು ಕಣಪ್ಪಾ. ಬಂಡೆನೇ ಮೋಸ ಮಾಡ್ತು."

ಆಮೇಲೆ ಬೆನ್ನು ತಿರುಗಿಸಿ ಮತ್ತೆ ತಟ್ಟತೊಡಗಿದ.

ಅಷ್ಟರಲ್ಲಿ, ಮದ್ದು ಸಿಡಿಸುವ ಮುನ್ನ ಕೂಗುವ ಸೈರನ್ ಸುರಂಗವೇ ನಡುಗುವಂತೆ ಕೂಗಿತು. ಎಲ್ಲರೂ ಕಿವಿ ಮುಚ್ಚಿಕೊಂಡು ಹೊರಗೋಡಿದರು. ಪಾಲಯ್ಯ ಓಡುತ್ತಲೇ ಹಿಂದಿರುಗಿ ನೋಡಿದ.

ಅಜ್ಜ ಬಂಡೆಗೆ ಕಿವಿಯಾನಿಸಿಕೊಂಡು ನಿಧಾನವಾಗಿ ತಟ್ಟುತ್ತಲೇ ಇದ್ದ.