ಹೆಣದ ಮುಂದಿನ ಹಾಡು

“ಹೆಣದ ಮುಂದೆ ಬಿಟ್ಟು ಬೇರೆ ಕಡೆ ಆ ಹಾಡು ಹೇಳಬಾರ್ದು ಸ್ವಾಮಿ,” ಎಂದು ಹೊನ್ನೂರಮ್ಮ ಮತ್ತೆ ಹೇಳಿದಳು. ವಿಶ್ವವಿದ್ಯಾಲಯದಿಂದ ಜಗಳೂರಿನ ಕೇರಿಗೆ ಬಂದಿದ್ದ ವಾಗೀಶ ಟೇಪ್ ರೆಕಾರ್ಡರಿನ ಮೈಕನ್ನು ಅವಳ ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದ. ಹೋದ ತಿಂಗಳು ಜ್ವರ ಬಂದು ಸತ್ತ ಮಗಳು ಗಂಗಿಯ ಮುಂದೆ ಅವಳು ಹಾಡಿಕೊಂಡು ಅತ್ತಿದ್ದು ಅವನ ಪ್ರಬಂಧಕ್ಕೆ ಬೇಕಿತ್ತು.

“ನಿಮ್ಮಂಥೋರೇ ಬಂದು ನಮ್ಮ ತಲೆ ಅಳೆದ್ರು, ಹೊಲದ ಮಣ್ಣು ತಗಂಡ್ರು, ಗಂಗಿ ರಕ್ತಾನೂ ತಗಂಡು ಹೋದ್ರು. ರಕ್ತದಾಗೆ ಏನೈತೆ ಅಂತ ಹೇಳಾಕೆ ಒಬ್ರೂ ತಿರುಗಿ ಬರಲಿಲ್ಲ. ಈಗ ಸಣ್ಣೋಳಿಗೂ ಅದೇ ಜ್ವರ. ಅದನ್ನಾದ್ರೂ ಕೇಳಿ ಹೇಳ್ರಿ.”

“ಅದು ವಿಜ್ಞಾನದವರದಮ್ಮ. ನನ್ನದು ಜಾನಪದ. ನಮಗೂ ಅವರಿಗೂ ಸಂಬಂಧ ಇಲ್ಲ.”

ಹೊನ್ನೂರಮ್ಮ ಒಳಗೆ ಹೋಗಿ ಚಾಪೆ ತಂದು ಅವನ ಮುಂದೆ ಹಾಸಿದಳು. “ಹಂಗಾರೆ ನೀವೇ ಹೆಣ ಆಗ್ರಿ. ಹಾಡ್ತೀನಿ.”

ಹಾಡು ಸಿಕ್ಕರೆ ಸಾಕೆಂದು ವಾಗೀಶ ಟೇಪಿನ ಗುಂಡಿ ಒತ್ತಿ, ನಗುತ್ತಲೇ ಅಂಗಾತ ಮಲಗಿದ. ಅವಳು ತಲೆಯ ಬಳಿ ಕೂತು ಅವನ ಹಣೆಯ ಮೇಲೆ ಕೈಯಿಟ್ಟಳು. “ಇದರಾಗೆ ಸತ್ತೋರ ಹೆತ್ತವ್ವನ್ನ ಹೆಸರು ಹಿಡಿದು ಕರೀಬೇಕು. ನಿಮ್ಮವ್ವನ ಹೆಸರೇನು?”

ಅವನು ದಡಬಡಿಸಿ ಎದ್ದು ಕೂತ. “ನಮ್ಮ ತಾಯಿ ಹೆಸರು ಇದಕ್ಕೆಲ್ಲ ಬೇಡ. ಅವರಿನ್ನೂ ಇದ್ದಾರೆ.”

“ನಾನೂ ಅದೀನಿ ಸ್ವಾಮಿ. ಒಳಗೆ ಸಣ್ಣೋಳೂ ಇನ್ನೂ ಅದಾಳೆ. ಎದ್ದು ಹೋಗಿ ಆ ರಕ್ತದೋರನ್ನ ಕರ್ಕಂಡು ಬರ್ರಿ.”